ಸೀಟು ಸಿಗದವರ ಅರ್ಜಿ

ಮಗಳು 2024ರ ಬೇಸಿಗೆಯಲ್ಲಿ ಏಳು ಕಡೆ ಅರ್ಜಿ ಹಾಕಿದಳು. ಸೇರಿದ್ದು ಒಂದು ಕಡೆ. ಉಳಿದ ಆರರ ವಿಷಯ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಮರುವರ್ಷ ಮೇ ತಿಂಗಳ ಒಂದು ಸಂಜೆ ನನಗೊಂದು ಕರೆ ಬಂತು. ಮಾತಾಡಿದ ಹುಡುಗಿ ತಾನು ಕೌನ್ಸೆಲರ್ ಎಂದಳು. ಮಗಳ ಪೂರ್ತಿ ಹೆಸರು, ಅವಳು ಓದಿದ ಬೋರ್ಡು, ರಸಾಯನಶಾಸ್ತ್ರದಲ್ಲಿ ಬಂದ ಅಂಕ, ನಾವಿರುವ ಬ್ಲಾಕು ಎಲ್ಲವೂ ಅವಳ ಕಣ್ಣೆದುರಿಗಿತ್ತು. ಈಗಿನ ಕೋರ್ಸು ಇಷ್ಟವಾಗದಿದ್ದರೆ ಬಿಬಿಎಗೆ ಬರಬಹುದು, ಸೀಟು ಖಾತ್ರಿ ಎಂದಳು. ಇದೆಲ್ಲ ನಿಮಗೆ ಎಲ್ಲಿ ಸಿಕ್ಕಿತಮ್ಮಾ ಎಂದು ಕೇಳಿದೆ. ‘ಲಿಸ್ಟಿನಲ್ಲಿದೆ ಸರ್’ ಎಂದಳು. ಯಾವ ಲಿಸ್ಟು, ಯಾರು ಕೊಟ್ಟದ್ದು ಎನ್ನುವುದು ಆ ಹುಡುಗಿಗೂ ಗೊತ್ತಿರಲಿಲ್ಲ. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ದಿನಕ್ಕೆ ನೂರಾರು ಕರೆ ಮಾಡಿ ಸಂಬಳ ಎಣಿಸುವ ಮಗು ಅದು. ಆದರೆ ಆ ಆರು ಅರ್ಜಿಗಳು ಈಗ ಎಲ್ಲಿವೆ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ನಾವಿರುವುದು ಕೋಲ್ಕತ್ತದ ಪೂರ್ವಕ್ಕಿರುವ ನ್ಯೂ ಟೌನಿನಲ್ಲಿ. ರಾಜಾರ್‌ಹಾಟ್‌ನ ಗದ್ದೆ, ಮೀನುಕೆರೆಗಳಿದ್ದ ನೆಲದ ಮೇಲೆ ಎದ್ದ ಊರು ಇದು. 1999ರಲ್ಲಿ ಹುಟ್ಟಿದ ಹಿಡ್ಕೋ ಎಂಬ ಸರ್ಕಾರಿ ನಿಗಮ ಕಟ್ಟಿಸಿದ್ದು. ಇಲ್ಲಿಯವರು ವಿಳಾಸ ಹೇಳುವಾಗ ಬಡಾವಣೆಯ ಹೆಸರು ಹೇಳುವುದಿಲ್ಲ. ‘ಆಕ್ಷನ್ ಏರಿಯಾ ಒನ್’, ‘ಆಕ್ಷನ್ ಏರಿಯಾ ಟೂ’ ಎನ್ನುತ್ತಾರೆ. ಐಟಿ ಕಂಪನಿಗಳ ಹಿಂದೆಯೇ ಕಾಲೇಜುಗಳೂ ಬಂದವು. ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಸರ್ಕಾರಿ ಕಾಲೇಜು, ಆಲಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್ಸು, ಪ್ರೆಸಿಡೆನ್ಸಿಯ ಎರಡನೇ ಕ್ಯಾಂಪಸ್ಸು, ಸೇಂಟ್ ಝೇವಿಯರ್ಸ್ ವಿಶ್ವವಿದ್ಯಾಲಯ, ಅಮಿಟಿ ಎಲ್ಲವೂ ಒಂದು ಸಂಜೆ ಸೈಕಲ್ಲಿನಲ್ಲಿ ಸುತ್ತಿ ಬರಬಹುದಾದಷ್ಟು ಹತ್ತಿರ ಹತ್ತಿರ ಇವೆ. ಸರ್ಕಾರಿ, ಅನುದಾನಿತ, ಖಾಸಗಿ ಎಂಬ ಮೂರೂ ಬಗೆಯ ಬಾಗಿಲುಗಳು ಒಂದೇ ಊರಿನಲ್ಲಿರುವುದರಿಂದ, ಅರ್ಜಿದಾರರ ಮಾಹಿತಿಯನ್ನು ಕಾಲೇಜುಗಳು ಹೇಗೆ ಇಟ್ಟುಕೊಳ್ಳುತ್ತವೆ ಎಂದು ಯೋಚಿಸಲು ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು. ಇಲ್ಲಿ ಹೆಸರಿಸಿದ ಯಾವ ಸಂಸ್ಥೆಯ ಮೇಲೂ ನನ್ನ ದೂರಿಲ್ಲ. ನನ್ನ ಮಾತು ಈ ಇಡೀ ಪದ್ಧತಿಯ ಬಗ್ಗೆ.

ಅರ್ಜಿಗೆ ಬಂಗಾಳಿಯಲ್ಲಿ ‘ದರಖಾಸ್ತ’ ಎನ್ನುತ್ತಾರೆ. ನಮ್ಮ ಹಳ್ಳಿಗಳಲ್ಲಿ ದರಖಾಸ್ತು ಎಂದರೆ ಸರ್ಕಾರಿ ಜಮೀನಿಗಾಗಿ ತಾಲ್ಲೂಕು ಕಚೇರಿಗೆ ಹಾಕುವ ಅರ್ಜಿ. ಅದು ಮಂಜೂರಾಗಲೆಂದು ವರ್ಷಗಟ್ಟಲೆ ಕಾದ ಅಜ್ಜಂದಿರು ನಮ್ಮ ಅನೇಕರ ಮನೆಗಳಲ್ಲಿದ್ದಾರೆ. ‘ಅರ್ಜಿ ಗುಜರಾಯಿಸುವುದು’ ಎಂಬ ಕಚೇರಿಯ ಮಾತಿನಲ್ಲೇ ಕೈಕಟ್ಟಿ ನಿಂತ ಭಂಗಿಯೊಂದಿದೆ. ಕೇಳುವವನು ಕೆಳಗೆ, ಕೊಡುವವನು ಮೇಲೆ. ಕಾಲೇಜಿನ ಅರ್ಜಿ ಕಂಪ್ಯೂಟರಿಗೆ ಬಂದ ಮೇಲೂ ಈ ಭಂಗಿ ಬದಲಾಗಿಲ್ಲ. ಫಾರಂ ತುಂಬುವ ಮಗು ‘ಇದನ್ನು ಏಕೆ ಕೇಳುತ್ತೀರಿ’ ಎಂದು ಕೇಳುವ ಸ್ಥಿತಿಯಲ್ಲಿರುವುದಿಲ್ಲ. ಕೆಂಪು ನಕ್ಷತ್ರ ಹಾಕಿದ ಪ್ರತಿಯೊಂದು ಕಾಲಮ್ಮನ್ನೂ ತುಂಬುತ್ತದೆ. ಕೊನೆಗೆ ‘ನಾನು ಒಪ್ಪುತ್ತೇನೆ’ ಎಂಬ ಚೌಕದಲ್ಲಿ ಗುರುತು ಹಾಕುತ್ತದೆ. ಹಾಕದಿದ್ದರೆ ಮುಂದಿನ ಪುಟ ತೆರೆಯುವುದೇ ಇಲ್ಲ.

ಆ ಕಾಲಮ್ಮುಗಳಲ್ಲಿ ಏನೇನಿರುತ್ತದೆ ಎಂದು ಒಮ್ಮೆ ಕೂತು ಬರೆದು ನೋಡಿದೆ. ಹೆಸರು, ಹುಟ್ಟಿದ ದಿನ, ಫೋಟೊ, ಸಹಿ, ಎರಡು ಮೊಬೈಲ್ ಸಂಖ್ಯೆ, ಮನೆ ವಿಳಾಸ, ಧರ್ಮ, ಜಾತಿ, ತಂದೆಯ ಉದ್ಯೋಗ, ತಾಯಿಯ ಉದ್ಯೋಗ, ಇಬ್ಬರ ವಾರ್ಷಿಕ ಆದಾಯ, ಹತ್ತನೇ ತರಗತಿಯ ಅಂಕಪಟ್ಟಿ, ಹನ್ನೆರಡನೆಯದು, ಆಧಾರ್, ಅಂಗವೈಕಲ್ಯವಿದ್ದರೆ ವೈದ್ಯರ ಪ್ರಮಾಣಪತ್ರ, ಶುಲ್ಕ ವಾಪಸಾತಿಗೆ ಬ್ಯಾಂಕ್ ಖಾತೆ. ಕೆಲವು ಕಡೆ ರಕ್ತದ ಗುಂಪು ಕೂಡ. ಸೀಟು ಸಿಗುವ ಮೊದಲೇ ರಕ್ತದ ಗುಂಪು ಯಾಕೆ ಬೇಕು ಎನ್ನುವುದು ನನಗೆ ಇವತ್ತಿಗೂ ಹೊಳೆದಿಲ್ಲ. ಕರ್ನಾಟಕದ ಸಿಇಟಿಗೆ ಅರ್ಜಿ ಹಾಕಿದರೆ ಇನ್ನಷ್ಟು ಸೇರುತ್ತದೆ: ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ಶಾಲೆಯ ಸ್ಯಾಟ್ಸ್ ಸಂಖ್ಯೆ, ಗ್ರಾಮೀಣ ವ್ಯಾಸಂಗ, ಕನ್ನಡ ಮಾಧ್ಯಮ, ಕಲ್ಯಾಣ ಕರ್ನಾಟಕದವರಾದರೆ 371ಜೆ ಪ್ರಮಾಣಪತ್ರ. ಹೊರನಾಡ ಕನ್ನಡಿಗರು, ಕಾಸರಗೋಡು-ಸೊಲ್ಲಾಪುರದ ಕಡೆಯ ಗಡಿನಾಡ ಕನ್ನಡಿಗರು ತಮ್ಮ ಮಾತೃಭಾಷೆಯನ್ನೂ ಸಾಬೀತು ಮಾಡಬೇಕು. ಅದಕ್ಕಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಕನ್ನಡ ಭಾಷಾ ಪರೀಕ್ಷೆಯನ್ನೇ ನಡೆಸುತ್ತದೆ. ಮಗಳ ಅರ್ಜಿಗೆಂದು ನನ್ನ ಪ್ರಾಥಮಿಕ ಶಾಲೆಯ ವ್ಯಾಸಂಗ ಪ್ರಮಾಣಪತ್ರವನ್ನು ಊರಿಂದ ತರಿಸಿದ ನೆನಪು ಹಸಿಯಾಗಿದೆ. ಒಂದು ಅರ್ಜಿ ಎಂದರೆ ಒಂದು ಮಗುವಿನ ಮಾಹಿತಿ ಅಲ್ಲ, ಎರಡು ತಲೆಮಾರಿನ ಒಂದು ಕುಟುಂಬದ ಪೂರ್ತಿ ಚಿತ್ರ.

ಇದರಲ್ಲಿ ಬಹುಪಾಲು ಸುಮ್ಮನೆ ಕೇಳುವುದಲ್ಲ ಎಂದೂ ಹೇಳಬೇಕು. ಜಾತಿ, ಆದಾಯ ಕೇಳದೆ ಮೀಸಲಾತಿ ಕೊಡಲಾಗದು. ಬಂಗಾಳದಲ್ಲಿ 2010ರ ನಂತರ ಕೊಟ್ಟ ಒಬಿಸಿ ಪ್ರಮಾಣಪತ್ರಗಳನ್ನು 2024ರ ಮೇ ತಿಂಗಳಲ್ಲಿ ಕಲ್ಕತ್ತಾ ಹೈಕೋರ್ಟ್ ರದ್ದುಗೊಳಿಸಿದಾಗ, ಅರ್ಜಿಯ ಒಂದೇ ಒಂದು ಕಾಲಮ್ಮು ಎಷ್ಟು ಮನೆಗಳ ನಿದ್ದೆ ಕೆಡಿಸಬಲ್ಲದು ಎಂದು ನಾವೆಲ್ಲ ನೋಡಿದೆವು. ಮಾಹಿತಿ ಬೇಕು. ಯಾವುದು, ಯಾವಾಗ, ಎಷ್ಟು ದಿನಕ್ಕೆ ಎನ್ನುವುದೇ ವಾದ.

ಬಂಗಾಳದಲ್ಲಿ ಕಾಲೇಜು ಪ್ರವೇಶ ಪೂರ್ತಿಯಾಗಿ ಆನ್‌ಲೈನ್ ಆದದ್ದರ ಹಿಂದೆ ಒಂದು ಕಹಿ ಚರಿತ್ರೆ ಇದೆ. 2018ರ ಜೂನ್-ಜುಲೈನಲ್ಲಿ ಕೋಲ್ಕತ್ತದ ಕಾಲೇಜುಗಳ ಗೇಟುಗಳಲ್ಲಿ ವಿದ್ಯಾರ್ಥಿ ಸಂಘಟನೆಗಳ ಹೆಸರು ಹೇಳಿಕೊಂಡು ಹುಡುಗರು ಹಣ ಕೀಳುತ್ತಿದ್ದರು. ಇಲ್ಲಿಯವರು ಅದಕ್ಕೆ ‘ತೋಲಾಬಾಜಿ’ ಎನ್ನುತ್ತಾರೆ. ಮೆರಿಟ್ ಲಿಸ್ಟಿನಲ್ಲಿ ಹೆಸರಿದ್ದ ಮಕ್ಕಳನ್ನೇ ಅಡ್ಡಗಟ್ಟಿ, ದುಡ್ಡು ಕೊಡದಿದ್ದರೆ ದಾಖಲೆ ಪರಿಶೀಲನೆಗೆ ಒಳಗೆ ಬಿಡುವುದಿಲ್ಲ ಎನ್ನುತ್ತಿದ್ದರು. ಬಂಧನಗಳಾದವು, ಮುಖ್ಯಮಂತ್ರಿಯೇ ಆಶುತೋಷ್ ಕಾಲೇಜಿಗೆ ಹೋಗಿ ವಿಚಾರಿಸಿದರು. ಸೇರುವ ಮೊದಲು ಮಕ್ಕಳು ಖುದ್ದಾಗಿ ಕಾಲೇಜಿಗೆ ಬರಬೇಕಿಲ್ಲ, ಪರಿಶೀಲನೆ ತರಗತಿ ಶುರುವಾದ ಮೇಲೆ ಎಂದು ಸರ್ಕಾರ ನಿಯಮ ಮಾಡಿತು. ಗೇಟಿನಲ್ಲಿ ನಿಂತವರಿಗೆ ಯಾವ ಮಗು ಯಾವ ಕೋರ್ಸಿಗೆ ಎಷ್ಟನೇ ರ್‍ಯಾಂಕಿನಲ್ಲಿದೆ ಎಂಬುದು ಗೊತ್ತಿದ್ದದ್ದೇ ಆ ದಂಧೆಯ ಬಂಡವಾಳ. ಗೋಡೆಗೆ ಅಂಟಿಸಿದ ಪಟ್ಟಿಯೇ ಅವರ ಕೈಪಿಡಿ.

ಅದರ ಮುಂದಿನ ಹೆಜ್ಜೆ 2024ರಲ್ಲಿ ಬಂದ ಕೇಂದ್ರೀಕೃತ ಪ್ರವೇಶ ಪೋರ್ಟಲ್. 460ಕ್ಕೂ ಹೆಚ್ಚು ಕಾಲೇಜುಗಳಿಗೆ ಒಂದೇ ಅರ್ಜಿ, ಅರ್ಜಿ ಶುಲ್ಕವಿಲ್ಲ, ಒಬ್ಬರು 25 ಕೋರ್ಸುಗಳವರೆಗೆ ಆರಿಸಿಕೊಳ್ಳಬಹುದು. ಬಡ ಮನೆಗಳಿಗೆ ಇದು ದೊಡ್ಡ ಉಪಕಾರ. ಹಿಂದೆ ಹತ್ತು ಕಾಲೇಜಿಗೆ ಹತ್ತು ಫಾರಂ, ಹತ್ತು ಸಲ ಶುಲ್ಕ, ಹತ್ತು ಕಡೆ ಆಧಾರ್ ಜೆರಾಕ್ಸು. ಈಗ ಮಾಹಿತಿ ಒಂದೇ ಕಡೆ ಇದೆ. ಕಾವಲು ಗಟ್ಟಿಯಾಗಿದ್ದರೆ ಒಂದೇ ಕಣಜ ಒಳ್ಳೆಯದು. ತೂತು ಬಿದ್ದರೆ ಇಡೀ ರಾಜ್ಯದ ಧಾನ್ಯ ಒಂದೇ ತೂತಿನಿಂದ ಸೋರುತ್ತದೆ. ಸ್ವಾಯತ್ತ, ಅಲ್ಪಸಂಖ್ಯಾತ, ಖಾಸಗಿ ಸಂಸ್ಥೆಗಳು ಈ ಪೋರ್ಟಲ್ಲಿನ ಹೊರಗಿವೆ. ಹಾಗಾಗಿ ನ್ಯೂ ಟೌನಿನ ಮಗುವೊಂದು ಸರ್ಕಾರಿ ಪೋರ್ಟಲ್ಲಿಗೆ ಒಂದು ಅರ್ಜಿ ಹಾಕಿ, ಅದೇ ರಾತ್ರಿ ಖಾಸಗಿಯವರ ನಾಲ್ಕು ಬೇರೆ ಬೇರೆ ಫಾರಂಗಳಲ್ಲಿ ಅದೇ ಮಾಹಿತಿಯನ್ನು ಮತ್ತೆ ತುಂಬುತ್ತದೆ.

ಕೇಂದ್ರೀಕೃತ ಕಣಜಕ್ಕೆ ತೂತು ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ನಮ್ಮ ಕರ್ನಾಟಕದಲ್ಲೇ ಇದೆ. 2024ರ ಎಂಜಿನಿಯರಿಂಗ್ ಸೀಟು ಹಂಚಿಕೆ ಮುಗಿದಾಗ 2,300ಕ್ಕೂ ಹೆಚ್ಚು ಅಭ್ಯರ್ಥಿಗಳು ಹಂಚಿಕೆಯಾದ ಸೀಟಿಗೆ ಸೇರಿರಲೇ ಇಲ್ಲ. ಕೆಇಎ ಅವರಿಗೆ ನೋಟಿಸ್ ಕೊಟ್ಟಿತು. ನವೆಂಬರಿನಲ್ಲಿ ಬೆಂಗಳೂರಿನ ಮಲ್ಲೇಶ್ವರಂ ಠಾಣೆಗೆ ದೂರು ಹೋಯಿತು. ತನಿಖೆ ಮುಂದುವರಿದಂತೆ ಹೊರಬಂದ ಚಿತ್ರ ಇದು: ಒಳ್ಳೆಯ ರ್‍ಯಾಂಕು ಬಂದಿದ್ದರೂ ರಾಜ್ಯದಲ್ಲಿ ಎಂಜಿನಿಯರಿಂಗ್ ಸೇರುವ ಮನಸ್ಸಿಲ್ಲದ ಮಕ್ಕಳ ಲಾಗಿನ್ ಐಡಿ, ಪಾಸ್‌ವರ್ಡ್‌ಗಳನ್ನು ಹಿಡಿದು, ಅವರ ಹೆಸರಿನಲ್ಲಿ ಬೇರೆಯವರು ಆಪ್ಷನ್ ಎಂಟ್ರಿ ಮಾಡಿದ್ದರು. ಬೇಡಿಕೆಯ ಸೀಟುಗಳು ಹಾಗೆ ‘ಬ್ಲಾಕ್’ ಆಗಿ, ಯಾರೂ ಸೇರದೆ ಉಳಿದು, ಕೊನೆಗೆ ಕಾಲೇಜುಗಳ ಕೈಗೆ ಮರಳಿ ದೊಡ್ಡ ಮೊತ್ತಕ್ಕೆ ಬಿಕರಿಯಾಗುತ್ತಿದ್ದವು ಎಂಬುದು ಪೊಲೀಸರ ಆರೋಪ. ಒಂದೇ ಐಪಿ ವಿಳಾಸದಿಂದ ಅನೇಕ ಅಭ್ಯರ್ಥಿಗಳ ಆಯ್ಕೆಗಳು ದಾಖಲಾಗಿದ್ದು ಸುಳಿವು ಕೊಟ್ಟಿತು. ಡಿಸೆಂಬರ್ ಆರಂಭದ ಬಂಧಿತರಲ್ಲಿ ಪ್ರಾಧಿಕಾರದ ಉದ್ಯೋಗಿಯೊಬ್ಬರೂ ಇದ್ದರು. ಮರುವರ್ಷ ಜಾರಿ ನಿರ್ದೇಶನಾಲಯವೂ ಶೋಧ ನಡೆಸಿತು. ಪ್ರಕರಣ ನ್ಯಾಯಾಲಯದ ದಾರಿಯಲ್ಲಿದೆ. ಯಾರು ತಪ್ಪಿತಸ್ಥರು ಎಂದು ಅದೇ ಹೇಳಲಿ.

ನನ್ನ ಗಮನ ಸೆಳೆದದ್ದು ಬೇರೆ. ಆ ಜಾಲಕ್ಕೆ ಬೇಕಾಗಿದ್ದದ್ದು ಸೇರುವ ಮಕ್ಕಳ ಮಾಹಿತಿಯಲ್ಲ, ಸೇರದ ಮಕ್ಕಳದು. ಮೆಡಿಕಲ್ ಸಿಕ್ಕಿ ಹೋದವರು, ಹೊರರಾಜ್ಯಕ್ಕೆ ಹೊರಟವರು, ಅರ್ಜಿಯನ್ನು ಮರೆತವರು. ಸೇರಿದ ಮಗು ತನ್ನ ಲಾಗಿನ್ನನ್ನು ದಿನವೂ ತೆರೆದು ನೋಡುತ್ತದೆ. ಏನಾದರೂ ಬದಲಾದರೆ ಕೂಗುತ್ತದೆ. ಬಿಟ್ಟುಹೋದ ಮಗುವಿನ ಅರ್ಜಿ ಬೀಗ ಹಾಕದ ಖಾಲಿ ಮನೆ. ಮಾಲೀಕರು ಊರಲ್ಲಿಲ್ಲ ಎಂದು ಕಳ್ಳರಿಗೆ ಗೊತ್ತಿದೆ, ಮಾಲೀಕರಿಗೆ ಕಳ್ಳತನವಾದದ್ದೇ ಗೊತ್ತಿಲ್ಲ. ನೋಟಿಸ್ ಮನೆಗೆ ಬಂದಾಗಲೇ ಎಷ್ಟೋ ಹೆತ್ತವರಿಗೆ ತಮ್ಮ ಮಗನಿಗೆ ಎಂಜಿನಿಯರಿಂಗ್ ಸೀಟು ‘ಸಿಕ್ಕಿತ್ತು’ ಎಂದು ತಿಳಿದದ್ದು.

ಪಾಸ್‌ವರ್ಡು ಕಳೆದುಹೋಗಲು ದೊಡ್ಡ ಕಳ್ಳರೇ ಬೇಕೆಂದಿಲ್ಲ. ಕರ್ನಾಟಕದ ಯಾವ ತಾಲ್ಲೂಕು ಕೇಂದ್ರಕ್ಕೆ ಹೋದರೂ ಬಸ್‌ಸ್ಟ್ಯಾಂಡಿನ ಎದುರಿನ ಸೈಬರ್ ಸೆಂಟರಿನಲ್ಲಿ ಒಂದು ರಟ್ಟಿನ ನೋಟ್‌ಬುಕ್ ಇರುತ್ತದೆ. ಅರ್ಜಿ ಸಂಖ್ಯೆ, ಹುಟ್ಟಿದ ದಿನ, ಪಾಸ್‌ವರ್ಡ್ ಎಲ್ಲ ಅದರಲ್ಲಿ ಬರೆದಿರುತ್ತದೆ. ಇಮೇಲ್ ಇಲ್ಲದ ಮಕ್ಕಳಿಗೆ ಅಂಗಡಿಯವರೇ ತಮ್ಮ ಇಮೇಲ್ ಹಾಕುತ್ತಾರೆ, ಓಟಿಪಿ ಅವರ ಮೊಬೈಲಿಗೇ ಬರುತ್ತದೆ. ಬಂಗಾಳದ ಹಳ್ಳಿಗಳಲ್ಲೂ ಕತೆ ಇದೇ. ಅಂಗಡಿಯವರು ಕೆಟ್ಟವರಲ್ಲ, ಅವರಿಲ್ಲದಿದ್ದರೆ ಎಷ್ಟೋ ಮಕ್ಕಳ ಅರ್ಜಿಯೇ ಹೋಗುತ್ತಿರಲಿಲ್ಲ. ಆದರೆ ಇಂಗ್ಲಿಷಿನಲ್ಲಿ ಮೂವತ್ತು ಕಾಲಮ್ಮಿನ ಫಾರಂ ಮಾಡಿ, ಮೂರು ದಿನದ ಗಡುವು ಕೊಟ್ಟು, ನಂತರ ‘ನಿಮ್ಮ ಪಾಸ್‌ವರ್ಡನ್ನು ಯಾರಿಗೂ ಹೇಳಬೇಡಿ’ ಎಂದು ಕೆಂಪಕ್ಷರದಲ್ಲಿ ಬರೆದರೆ ಹೊಣೆ ತೀರುವುದಿಲ್ಲ. ಮಗು ಇನ್ನೊಬ್ಬರ ಕೈಗೆ ಪಾಸ್‌ವರ್ಡ್ ಕೊಡಲೇಬೇಕಾಗುವಂತೆ ಫಾರಂ ಮಾಡಿದವರೂ ಹೊಣೆಗಾರರೇ.

ಖಾಸಗಿ ಕಡೆಯ ಭಾಷೆ ಇನ್ನೊಂದು. ಅಲ್ಲಿ ಅರ್ಜಿದಾರ ಎಂಬ ಪದವೇ ಇಲ್ಲ, ‘ಲೀಡ್’ ಎನ್ನುತ್ತಾರೆ. ಹಾಟ್ ಲೀಡ್, ಕೋಲ್ಡ್ ಲೀಡ್. ಬ್ರೋಷರ್ ಡೌನ್‌ಲೋಡ್ ಮಾಡಲು ಮೊಬೈಲ್ ಸಂಖ್ಯೆ ಕೊಟ್ಟ ಕ್ಷಣ ಮಗು ಲೀಡ್ ಆಗುತ್ತದೆ. ಫಾರಂ ಅರ್ಧ ತುಂಬಿ ಬಿಟ್ಟರೂ ಆ ಅರ್ಧ ಅವರಲ್ಲಿ ಉಳಿಯುತ್ತದೆ. ಪ್ರವೇಶದ ಸಾಫ್ಟ್‌ವೇರು ಒಂದು ಕಂಪನಿಯದು, ಕರೆ ಮಾಡುವವರು ಇನ್ನೊಂದು ಕಂಪನಿಯವರು, ಪರೀಕ್ಷೆ ನಡೆಸುವವರು ಮೂರನೆಯವರು. 2018ರ ಜುಲೈನಲ್ಲಿ ನೀಟ್ ಬರೆದ ಎರಡು ಲಕ್ಷಕ್ಕೂ ಹೆಚ್ಚು ಅಭ್ಯರ್ಥಿಗಳ ಹೆಸರು, ಫೋನು, ರ್‍ಯಾಂಕು ಹಣಕ್ಕೆ ಸಿಗುತ್ತಿವೆ ಎಂದು ವರದಿಗಳು ಬಂದು, ವಿಷಯ ಸಿಬಿಎಸ್‌ಇ ಅಧ್ಯಕ್ಷರ ತನಕ ಪತ್ರವಾಗಿ ಹೋಗಿತ್ತು. ನನಗೆ ಕರೆ ಮಾಡಿದ ಹುಡುಗಿಯ ‘ಲಿಸ್ಟು’ ಇಂಥದೇ ಯಾವುದೋ ಹೊಳೆಯ ಕೊನೆಯ ಕಾಲುವೆ ಇರಬೇಕು. ಯಾವ ಕಾಲೇಜಿನಿಂದ ಹೊರಟಿತೆಂದು ಹಿಂದಕ್ಕೆ ಹತ್ತಿ ನೋಡುವ ದಾರಿ ನನಗಿಲ್ಲ.

ಇನ್ನು ಕಾನೂನು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ ತೀರ್ಪಿನ ಮೇಲೆ ಕನ್ನಡಿಗರೊಬ್ಬರ ಹೆಸರಿದೆ: ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ ಅವರು ಕೋರ್ಟಿಗೆ ಹೋದಾಗ ವಯಸ್ಸು ಎಂಬತ್ತು ದಾಟಿತ್ತು. 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಅದೇ ಮೊಕದ್ದಮೆಯಲ್ಲಿ 2018ರ ಸೆಪ್ಟೆಂಬರ್ 26ರಂದು ಬಂದ ತೀರ್ಪು, ಸಿಬಿಎಸ್‌ಇ, ನೀಟ್, ಯುಜಿಸಿ ಆಧಾರ್ ಕಡ್ಡಾಯ ಮಾಡುವಂತಿಲ್ಲ ಎಂದಿತು. ಇಷ್ಟಾದ ಮೇಲೂ ಪ್ರವೇಶದ ಫಾರಂಗಳಲ್ಲಿ ಆಧಾರ್ ಕಾಲಮ್ಮಿನ ಮೇಲೆ ಕೆಂಪು ನಕ್ಷತ್ರ ಕಂಡಾಗ ಆ ಹಿರಿಯರ ಹೋರಾಟ ನೆನಪಾಗಿ ನೋವಾಗುತ್ತದೆ.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಆಗಸ್ಟಿನಲ್ಲಿ ಬಂತು. ಅದರ ನಿಯಮಗಳು ಬರಲು 2025ರ ನವೆಂಬರ್ ಆಯಿತು. ಮುಖ್ಯ ಹೊಣೆಗಾರಿಕೆಗಳು ಜಾರಿಯಾಗುವುದು ನಿಯಮ ಬಂದ ಹದಿನೆಂಟು ತಿಂಗಳಿಗೆ, ಅಂದರೆ 2027ರ ಮೇ ತಿಂಗಳಲ್ಲಿ. ಸರಿಯಾಗಿ ಪ್ರವೇಶದ ಸುಗ್ಗಿಗೆ. ಯಾವ ಕೆಲಸಕ್ಕೆ ಕೇಳಿದ್ದೋ ಅದು ಮುಗಿದ ಮೇಲೆ ಮಾಹಿತಿಯನ್ನು ಅಳಿಸಬೇಕು ಎಂದು ಈ ಕಾಯ್ದೆ ಹೇಳುತ್ತದೆ. ನೋಡುವ, ತಿದ್ದಿಸುವ, ಅಳಿಸಲು ಕೇಳುವ ಹಕ್ಕು ಕೊಡುತ್ತದೆ. ಸೋರಿಕೆಯಾದರೆ ಸಂಬಂಧಪಟ್ಟವರಿಗೆ ತಿಳಿಸಬೇಕು. ರಕ್ಷಣೆಯಲ್ಲಿ ತಪ್ಪಿದರೆ ದಂಡ 250 ಕೋಟಿ ರೂಪಾಯಿಯವರೆಗೆ. ನನಗೆ ತುಂಬ ಹಿಡಿಸಿದ್ದು ಇನ್ನೊಂದು: ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಬೇಕಾದ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕು. ಹಾಗಾದರೆ ನ್ಯೂ ಟೌನಿನ ಕಾಲೇಜಿನ ಸೂಚನೆಯನ್ನು ನನ್ನ ಹೆಂಡತಿ ಕನ್ನಡದಲ್ಲಿ, ಪುರುಲಿಯಾದ ತಾಯಿಯೊಬ್ಬಳು ಸಂತಾಲಿಯಲ್ಲಿ ಓದುವಂತಾಗಬೇಕು.

ಕಾಯ್ದೆಯ ಗೋಡೆಯಲ್ಲಿ ಬಿರುಕುಗಳೂ ಇವೆ. ಪ್ರಭುತ್ವದ ಅಂಗಗಳು ಸೇವೆ, ಸವಲತ್ತು, ಪ್ರಮಾಣಪತ್ರ ಕೊಡಲು ಮಾಹಿತಿ ಬಳಸುವಾಗ ಒಪ್ಪಿಗೆ ಕೇಳಬೇಕಾಗಿಲ್ಲ. ಸರ್ಕಾರಿ ಪೋರ್ಟಲ್ಲು ಈ ನೆರಳಿಗೆ ಸರಿಯಬಹುದು. ಹದಿನೆಂಟು ತುಂಬದವರ ಮಾಹಿತಿಗೆ ಹೆತ್ತವರ ಖಚಿತ ಒಪ್ಪಿಗೆ ಬೇಕು, ಅವರ ಬೆನ್ನುಹತ್ತಿ ನಡವಳಿಕೆ ಗಮನಿಸುವಂತಿಲ್ಲ, ಅವರಿಗೆ ಗುರಿಯಿಟ್ಟು ಜಾಹೀರಾತು ಕಳಿಸುವಂತಿಲ್ಲ. ಹನ್ನೆರಡನೇ ತರಗತಿ ಮುಗಿಸಿ ಅರ್ಜಿ ಹಾಕುವ ಮಕ್ಕಳಲ್ಲಿ ಎಷ್ಟೋ ಮಂದಿಗೆ ಹದಿನೇಳು. ಶಿಕ್ಷಣ ಸಂಸ್ಥೆಗಳಿಗೆ ನಿಯಮದಲ್ಲಿ ಸ್ವಲ್ಪ ವಿನಾಯಿತಿ ಇದೆ: ತಮ್ಮ ಶೈಕ್ಷಣಿಕ ಚಟುವಟಿಕೆಗೆ ಮತ್ತು ತಮ್ಮಲ್ಲಿ ದಾಖಲಾದ ಮಕ್ಕಳ ಸುರಕ್ಷತೆಗೆ. ದಾಖಲಾದ ಮಕ್ಕಳು. ಕಾನೂನು ಬರೆಯುವಾಗಲೂ ಕಣ್ಣು ಹೋದದ್ದು ಒಳಗೆ ಬಂದವರ ಕಡೆಗೆ. ಗೇಟಿನ ಹೊರಗೇ ಉಳಿದ ಮಗುವಿನ ಮಾಹಿತಿಯನ್ನು ಈ ವಿನಾಯಿತಿಯ ಹೆಸರಿನಲ್ಲಿ ಮಾರಾಟದ ಸಾಫ್ಟ್‌ವೇರಿಗೆ ಉಣಿಸಲು ಯಾರಿಗೂ ಅವಕಾಶವಾಗಬಾರದು.

ಇದು ನಮ್ಮಲ್ಲಿ ಮಾತ್ರ ಆದ ಮರೆವಲ್ಲ. ಅಮೆರಿಕದಲ್ಲಿ ವಿದ್ಯಾರ್ಥಿಗಳ ದಾಖಲೆ ಕಾಯುವ ‘ಫೆರ್ಪಾ’ ಕಾಯ್ದೆ 1974ರಷ್ಟು ಹಳೆಯದು. ಅದು ‘ವಿದ್ಯಾರ್ಥಿ’ ಎಂದು ಗುರುತಿಸುವುದು ಆ ಸಂಸ್ಥೆಯಲ್ಲಿ ಓದುತ್ತಿರುವ ಅಥವಾ ಓದಿದ್ದವರನ್ನು ಮಾತ್ರ. ಅರ್ಜಿ ಹಾಕಿ ತಿರಸ್ಕೃತರಾದವರು ಅದರ ಲೆಕ್ಕಕ್ಕಿಲ್ಲ. 2015ರಲ್ಲಿ ಸ್ಟ್ಯಾನ್‌ಫರ್ಡಿನ ವಿದ್ಯಾರ್ಥಿಗಳು ಇದೇ ಕಾಯ್ದೆ ಹಿಡಿದು ತಮ್ಮ ಪ್ರವೇಶ ಕಡತಗಳಲ್ಲಿ ಏನು ಬರೆದಿದ್ದಾರೆಂದು ತೆಗೆಸಿ ನೋಡಿದರು; ಸೀಟು ಸಿಗದವರಿಗೆ ಆ ದಾರಿ ಇರಲಿಲ್ಲ. ಇಂಗ್ಲೆಂಡಿನ ಗ್ರೀನಿಚ್ ವಿಶ್ವವಿದ್ಯಾಲಯಕ್ಕೆ 2018ರಲ್ಲಿ ಅಲ್ಲಿಯ ಮಾಹಿತಿ ಆಯುಕ್ತರು 1,20,000 ಪೌಂಡ್ ದಂಡ ಹಾಕಿದರು. ತಪ್ಪೇನೆಂದರೆ 2004ರಲ್ಲಿ ಒಂದು ತರಬೇತಿ ಸಮ್ಮೇಳನಕ್ಕೆಂದು ಮಾಡಿದ ಪುಟ್ಟ ಜಾಲತಾಣವನ್ನು ಮುಚ್ಚಲು ಎಲ್ಲರೂ ಮರೆತದ್ದು. ಆ ತೆರೆದ ಕಿಟಕಿಯಿಂದ ನುಗ್ಗಿದವರು ಸುಮಾರು 19,500 ಜನರ ವಿವರ ಹೊತ್ತೊಯ್ದಿದ್ದರು. ನಮ್ಮ ಎಷ್ಟು ಕಾಲೇಜುಗಳ ಹಳೆಯ ಪ್ರವೇಶ ಪುಟಗಳು ಹೀಗೆ ಬಾಗಿಲು ತೆರೆದು ಮಲಗಿವೆಯೋ ಎಂಬ ಭಯ ನನ್ನದು. ಹಳೆಯ ಮೆರಿಟ್ ಲಿಸ್ಟಿನ ಪಿಡಿಎಫ್‌ಗಳಲ್ಲಿ ತಂದೆಯ ಹೆಸರು, ಹುಟ್ಟಿದ ದಿನ, ಜಾತಿಯ ವರ್ಗ ಎಲ್ಲ ಇರುತ್ತದೆ. ಹುಡುಗಿಗೆ ಮದುವೆಯಾಗಿ ಮಕ್ಕಳಾದ ಮೇಲೂ ಅವಳ ಹೆಸರು ಹುಡುಕಿದರೆ ಮೊದಲು ಸಿಗುವುದು ಹದಿನೆಂಟರ ವಯಸ್ಸಿನಲ್ಲಿ ಅವಳಿಗೆ ಸಿಗದ ಸೀಟು.

ಕಾಗದದ ಮಾತು ಬೇರೆ. ಹೊಸ ಕಾಯ್ದೆ ಡಿಜಿಟಲ್ ಮಾಹಿತಿಗೆ, ಅಥವಾ ಆಮೇಲೆ ಡಿಜಿಟಲ್ ಆದ ಕಾಗದಕ್ಕೆ ಮಾತ್ರ. ಜೆರಾಕ್ಸಿನ ಕಟ್ಟುಗಳಿಗೆ ಅದು ತಾಗುವುದಿಲ್ಲ. ಕೋಲ್ಕತ್ತದ ಬೀದಿಯಲ್ಲಿ ಝಾಲ್‌ಮುಡಿ ಕಟ್ಟಿಕೊಡುವ ಕಾಗದದ ಪೊಟ್ಟಣಕ್ಕೆ ‘ಠೋಂಗಾ’ ಎನ್ನುತ್ತಾರೆ. ಹಳೆಯ ಉತ್ತರಪತ್ರಿಕೆ, ನೋಟ್‌ಬುಕ್, ಕಚೇರಿಯ ಹಾಳೆಗಳಿಂದ ಮಾಡಿದ ಠೋಂಗಾಗಳನ್ನು ಬಿಡಿಸಿ ಓದುವುದು ಇಲ್ಲಿಯ ಮಕ್ಕಳ ಹಳೆಯ ಚಾಳಿ. ನಮ್ಮೂರಲ್ಲಿ ಕಡಲೆಪುರಿ ಪೊಟ್ಟಣ ಬಿಡಿಸಿ ಓದಿದ ಹಾಗೆ. ಮೂಲ ಪ್ರಮಾಣಪತ್ರಗಳನ್ನು ಕಾಲೇಜು ಇಟ್ಟುಕೊಳ್ಳುವಂತಿಲ್ಲ, ನೋಡಿ ಹಿಂದಿರುಗಿಸಬೇಕು ಎಂದು ಯುಜಿಸಿ 2018ರ ಅಕ್ಟೋಬರಿನಲ್ಲಿ ಹೇಳಿತು. ಪ್ರತಿಗಳ ಗತಿ ಏನೆಂದು ಮಾತ್ರ ಯಾರೂ ಕೇಳಲಿಲ್ಲ.

ಇಲ್ಲಿಯವರೆಗೆ ಓದಿದವರಿಗೆ ನಾನು ಎಲ್ಲವನ್ನೂ ಅಳಿಸಿಬಿಡಿ ಎನ್ನುತ್ತಿದ್ದೇನೆ ಅನ್ನಿಸಬಹುದು. ಒಂದು ಕಾಲಕ್ಕೆ ಹಾಗೇ ಅಂದುಕೊಂಡಿದ್ದೆ. ಆ ಯೋಚನೆಯನ್ನು ಅಲುಗಾಡಿಸಿದ್ದು ಬಂಗಾಳದ ಶಿಕ್ಷಕರ ನೇಮಕಾತಿ. ಶಾಲಾ ಸೇವಾ ಆಯೋಗದ ಕಚೇರಿ ನ್ಯೂ ಟೌನಿಗೆ ಅಂಟಿಕೊಂಡ ಸಾಲ್ಟ್ ಲೇಕಿನಲ್ಲಿದೆ. ಅದು 2016ರಲ್ಲಿ ನಡೆಸಿದ ನೇಮಕಾತಿಯ ಮೂಲ ಓಎಂಆರ್ ಹಾಳೆಗಳನ್ನು ನಾಶ ಮಾಡಲಾಗಿತ್ತು, ಅವುಗಳ ಪ್ರತಿಗಳನ್ನೂ ಆಯೋಗ ಕಾಪಾಡಿಕೊಂಡಿರಲಿಲ್ಲ. ಯಾರು ಪ್ರಾಮಾಣಿಕವಾಗಿ ಪಾಸಾದವರು, ಯಾರು ದುಡ್ಡು ಕೊಟ್ಟು ಬಂದವರು ಎಂದು ಬೇರ್ಪಡಿಸಲಾಗದೆ, 2025ರ ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್ 25 ಸಾವಿರಕ್ಕೂ ಹೆಚ್ಚು ನೇಮಕಾತಿಗಳ ರದ್ದತಿಯನ್ನು ಎತ್ತಿಹಿಡಿಯಿತು. ನಮ್ಮ ಕಟ್ಟಡದಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುವ ಮೇಷ್ಟ್ರೊಬ್ಬರು ಆ ದಿನ ಹೇಳಿದ್ದು ಕಿವಿಯಲ್ಲಿದೆ: ಆ ಹಾಳೆ ಇದ್ದಿದ್ದರೆ ಒಳ್ಳೆಯವರು ತಮ್ಮ ಒಳ್ಳೆಯತನ ತೋರಿಸಬಹುದಿತ್ತು.

ಇದೇ ಊರಿನ ಇನ್ನೊಂದು ಕತೆಯನ್ನೂ ಸೇರಿಸಬೇಕು. ತನ್ನ ಉತ್ತರಪತ್ರಿಕೆ ತೋರಿಸಿ ಎಂದು ಪ್ರೆಸಿಡೆನ್ಸಿ ಕಾಲೇಜಿನ ವಿದ್ಯಾರ್ಥಿಯೊಬ್ಬ ಮಾಹಿತಿ ಹಕ್ಕಿನಡಿ ಕಲ್ಕತ್ತಾ ವಿಶ್ವವಿದ್ಯಾಲಯವನ್ನು ಕೇಳಿದ. 2008ರಲ್ಲಿ ಹೈಕೋರ್ಟ್ ಅವನ ಪರ ನಿಂತಿತು. 2009ರಲ್ಲಿ ವಿಭಾಗೀಯ ಪೀಠವೂ ಒಪ್ಪಿತು. ಆ ಎಳೆಯೇ ಮುಂದುವರಿದು 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶದ ಪರೀಕ್ಷಾರ್ಥಿಗಳಿಗೆ ತಮ್ಮ ಉತ್ತರಪತ್ರಿಕೆ ನೋಡುವ ಹಕ್ಕು ಕೊಟ್ಟಿತು. ಅದರಲ್ಲೊಂದು ಎಚ್ಚರಿಕೆ ಇತ್ತು: ಸಂಸ್ಥೆ ನಿಯಮದಂತೆ ಅದನ್ನು ಇಟ್ಟುಕೊಂಡಿರುವ ಅವಧಿಯವರೆಗೆ ಮಾತ್ರ. ಅಂದರೆ ಇಡುವ ಅವಧಿ ಗುಮಾಸ್ತರ ಅನುಕೂಲದ ಸಂಗತಿಯಲ್ಲ, ಹಕ್ಕಿನ ಆಯುಷ್ಯವೇ ಅದು. ಈಗ ಹೊಸ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನು ತಿದ್ದಿ, ವೈಯಕ್ತಿಕ ಮಾಹಿತಿಯೆಂದರೆ ಸಾಕು, ಕೊಡಲು ನಿರಾಕರಿಸಬಹುದು ಎಂಬ ಮಟ್ಟಕ್ಕೆ ತಂದಿದೆ. ಸೀಟು ಸಿಗದ ಮಗು ‘ನನಗಿಂತ ಕಡಿಮೆ ಅಂಕದವರಿಗೆ ಹೇಗೆ ಕೊಟ್ಟಿರಿ’ ಎಂದು ಕೇಳಿದರೆ, ‘ಅದು ಇನ್ನೊಬ್ಬರ ಖಾಸಗಿ ವಿಷಯ’ ಎಂಬ ಉತ್ತರ ಬರುವ ದಿನ ದೂರವಿಲ್ಲ. ಟೆಲಿಕಾಲರಿಗೆ ಸಲೀಸಾಗಿ ಸಿಗುವ ಮಾಹಿತಿ, ನ್ಯಾಯ ಕೇಳುವವರಿಗೆ ಸಿಗದಂತಾದರೆ ಅದಕ್ಕಿಂತ ದೊಡ್ಡ ಅನ್ಯಾಯವಿಲ್ಲ.

ಆದ್ದರಿಂದ ನಾನು ಕಾಲೇಜಿನಿಂದ ಕೇಳುವುದು ಇಷ್ಟು. ಅರ್ಜಿಯ ಹಂತದಲ್ಲಿ ಅರ್ಹತೆ ಅಳೆಯಲು ಬೇಕಾದಷ್ಟನ್ನೇ ಕೇಳಲಿ. ಬ್ಯಾಂಕ್ ಖಾತೆ, ರಕ್ತದ ಗುಂಪು, ತಂದೆಯ ಉದ್ಯೋಗ ಸೇರಿದ ಮೇಲೆ ಕೇಳಲಿ. ಮೆರಿಟ್ ಲಿಸ್ಟು ಅರ್ಜಿ ಸಂಖ್ಯೆ, ಅಂಕ, ವರ್ಗದೊಂದಿಗೆ ಬರಲಿ. ಲೆಕ್ಕ ಎಲ್ಲರಿಗೂ ಕಾಣಬೇಕು, ಹುಟ್ಟಿದ ದಿನ ಮತ್ತು ತಂದೆಯ ಹೆಸರು ಕಾಣಬೇಕಿಲ್ಲ. ಸೀಟು ಸಿಗದವರ ಅರ್ಜಿಯನ್ನು ಎಷ್ಟು ದಿನ ಇಡುತ್ತೇವೆ ಎಂದು ಫಾರಮ್ಮಿನ ಮೊದಲ ಪುಟದಲ್ಲೇ ಬರೆಯಲಿ. ದತ್ತಾಂಶ ಮತ್ತು ಲಾಗ್‌ಗಳನ್ನು ಕನಿಷ್ಠ ಒಂದು ವರ್ಷ ಇಡಬೇಕೆಂದು ಹೊಸ ನಿಯಮಗಳೇ ಹೇಳುತ್ತವೆ. ತಕರಾರು, ಮೊಕದ್ದಮೆಗೆ ಅಷ್ಟು ಸಮಯ ಬೇಕು ಕೂಡ. ಆ ವರ್ಷದಲ್ಲಿ ಮಾಹಿತಿ ಬೀಗದೊಳಗಿರಲಿ, ಮಾರಾಟ ವಿಭಾಗದ ಕೈಗೆ ಸಿಗದಿರಲಿ. ವರ್ಷ ಮುಗಿದ ಮೇಲೆ ಅಳಿಸಿದ್ದಕ್ಕೆ ಒಂದು ದಾಖಲೆ ಇರಲಿ: ಯಾವ ದಿನ, ಯಾರು, ಎಷ್ಟು ಅರ್ಜಿ. ಸಾಫ್ಟ್‌ವೇರ್ ಕಂಪನಿಯ ಸರ್ವರಿನಲ್ಲಿರುವ ಪ್ರತಿಯೂ ಆ ಲೆಕ್ಕದಲ್ಲಿ ಸೇರಲಿ. ಮೊಕದ್ದಮೆ ಇದ್ದರೆ ಮಾತ್ರ ಅದಕ್ಕೆ ಸಂಬಂಧಿಸಿದ್ದು ಉಳಿಯಲಿ. ಇದರಲ್ಲಿ ಯಾವುದಕ್ಕೂ ದೊಡ್ಡ ಖರ್ಚಿಲ್ಲ. ಪರೀಕ್ಷಾ ವಿಭಾಗಗಳು ಉತ್ತರಪತ್ರಿಕೆಗಳಿಗೆ ದಶಕಗಳಿಂದ ಇದನ್ನೇ ಮಾಡುತ್ತ ಬಂದಿವೆ.

ಆ ಕರೆ ಬಂದ ತಿಂಗಳೇ ನಾನು ಆರೂ ಕಡೆಗೆ ಪತ್ರ ಬರೆದೆ. ಮಗಳು ಈಗ ಬೇರೆ ಕಡೆ ಓದುತ್ತಿದ್ದಾಳೆ, ಅವಳ ಅರ್ಜಿಯಲ್ಲಿರುವ ಮಾಹಿತಿ ನಿಮ್ಮಲ್ಲಿ ಏನೇನಿದೆ ತಿಳಿಸಿ, ಬೇಡದ್ದನ್ನು ಅಳಿಸಿ ಎಂದು. ನಾಲ್ಕು ಕಡೆಯಿಂದ ಉತ್ತರ ಬರಲಿಲ್ಲ. ಒಂದು ಕಡೆಯಿಂದ ಹೊಸ ಕೋರ್ಸುಗಳ ಬ್ರೋಷರ್ ಬಂತು. ಆರನೆಯ ಕಡೆಯಿಂದ ವಯಸ್ಸಾದ ಹೆಡ್ ಕ್ಲರ್ಕ್ ಒಬ್ಬರು ಫೋನ್ ಮಾಡಿದರು. ಪತ್ರವನ್ನು ಎರಡು ಸಲ ಓದಿದ್ದಾರೆಂದು ಅವರ ಮಾತಿನಲ್ಲೇ ಗೊತ್ತಾಗುತ್ತಿತ್ತು. ಮಗಳ ರೋಲ್ ನಂಬರ್ ಕೇಳಿದರು. ಅವಳು ಅಲ್ಲಿ ಸೇರಲಿಲ್ಲ, ರೋಲ್ ನಂಬರ್ ಇಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸೇರಿದವರದ್ದಾದರೆ ಬ್ಯಾಚಿನ ಫೈಲ್ ತೆಗೆಯುತ್ತೇನೆ. ಸೇರದವರಿಗೆ ನಮ್ಮಲ್ಲಿ ಫೈಲೇ ಇಲ್ಲವಲ್ಲ, ಎಲ್ಲಿ ಹುಡುಕಲಿ?’ ಎಂದರು. ನಾನು ಮಗಳ ಅರ್ಜಿ ಸಂಖ್ಯೆ ಹೇಳಿದೆ. ಅವರು ಒಂದೊಂದೇ ಅಂಕಿಯನ್ನು ಮತ್ತೆ ಹೇಳುತ್ತ ಬರೆದುಕೊಂಡರು.